ಓದಿದವರಿಗಷ್ಟೇ ಸಕ್ಕರೆ

ಇಲ್ಲಿ ಬರುವ ಕೆಲವು ವಿವರಗಳು ತಪ್ಪಿರಬಹುದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೆಟಗೇರಿಯ ನನ್ನ ಸೋದರತ್ತೆಯ ಪುಸ್ತಕದ ಕಪಾಟು ಹಸಿರು ಬಣ್ಣದ್ದು ಎಂದೇ ನನ್ನ ನೆನಪು. ಒಮ್ಮೆ ಗಮನಿಸಿ ನೋಡಿದರೆ ಕಂದು! ಬಣ್ಣ ಹೊಡೆಸಿದಿಯೇನು ಎಂದು ಕೇಳಿದ್ದಕ್ಕೆ ಅತ್ತೆ, "ಅದು ಹುಟ್ಟಿದಾಗಿಂದ ಹಂಗ ಐತಿ. ನೀ ಯಾರ ಮನಿಗೆ ಹೋಗಿ ಬಂದಿದ್ದಿ?" ಎಂದಳು. ದಿನಚರಿ ಬರೆಯುವ ರೂಢಿ ನನಗಿದೆ. ತೆಗೆದು ನೋಡಿದರೆ ಅಲ್ಲಿಯೂ ಹಸಿರು ಎಂದೇ ಇದೆ. ಅಂದರೆ ತಪ್ಪನ್ನು ನಾನು ಅಂದಂದೇ ಶ್ರದ್ಧೆಯಿಂದ ಬರೆದಿಟ್ಟುಕೊಂಡಿದ್ದೇನೆ. ಆದ್ದರಿಂದ ಬಣ್ಣದ ವಿಷಯದಲ್ಲಿ ನನ್ನನ್ನು ನಂಬಬೇಡಿ. ಮಾತಿನ ವಿಷಯದಲ್ಲಿ ಅರ್ಧ ನಂಬಿ.

ಒಂದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಗದಗ-ಬೆಟಗೇರಿಯಲ್ಲಿ ಅತಿ ಹೆಚ್ಚು ಭಾಷೆಗಳು ಬಾರದವರು ಯಾರು ಎಂದು ಸ್ಪರ್ಧೆ ಇಟ್ಟರೆ ಮೊದಲ ಬಹುಮಾನ ನಮ್ಮ ಅತ್ತೆಗೇ! ಬೇರೆಯವರು ತಮಗೆ ನಾಲ್ಕು ಭಾಷೆ ಬರುತ್ತದೆ, ಐದು ಬರುತ್ತದೆ ಎಂದು ಹೇಳಿಕೊಳ್ಳುತ್ತಾರೆ. ಅತ್ತೆ ತನಗೆ ತಮಿಳು ಬರುವುದಿಲ್ಲ, ಉರ್ದು ಬರುವುದಿಲ್ಲ, ಬಂಗಾಳಿ ಬರುವುದಿಲ್ಲ, ನೇಪಾಳಿಯಂತೂ ಬರುವುದೇ ಇಲ್ಲ ಎಂದು ಒಂದೊಂದೇ ಬೆರಳು ಮಡಿಚುತ್ತಾಳೆ. ಹೀಗೆ ಬಾರದ ಪ್ರತಿಯೊಂದು ಭಾಷೆಯ ಪುಸ್ತಕವೂ ಅವಳ ಕಪಾಟಿನಲ್ಲಿದೆ. ಬಾರದಿರುವುದಕ್ಕೆ ಇಷ್ಟೊಂದು ಪುರಾವೆ ಇಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಕಪಾಟು ಮೊದಲು ನಮ್ಮ ಮಾವನ, ಅಂದರೆ ಅತ್ತೆಯ ಗಂಡನ, ಸೀರೆ ಅಂಗಡಿಯಲ್ಲಿತ್ತು. ಅಂಗಡಿಗೆ ಹೊಸ ಗಾಜಿನ ಕಪಾಟು ಬಂದಾಗ ಇದು ಮನೆಯ ಪಡಸಾಲೆಗೆ ಬಂತು. ಹಳೆಯ ಚೀಟಿಗಳು ಇನ್ನೂ ಅಂಟಿಕೊಂಡೇ ಇವೆ. ಹೀಗಾಗಿ ಮರಾಠಿ ಪುಸ್ತಕಗಳು 'ಜರಿ ಅಂಚು' ಎಂಬ ಖಾನೆಯಲ್ಲಿವೆ, ತೆಲುಗು 'ದಿನಬಳಕೆ'ಯಲ್ಲಿ, ತಮಿಳು 'ಮದುವೆ ಸೀರೆ'ಯಲ್ಲಿ. ಎಲ್ಲವೂ ಚಿಕ್ಕ ಮಕ್ಕಳ ಪುಸ್ತಕಗಳು. ಮುಂಡರಗಿಯ ನಮ್ಮ ಮನೆಯಿಂದ ಯಾರೇ ಪರ ಊರಿಗೆ ಹೊರಟರೂ ಅತ್ತೆಯ ಫೋನು ಬರುತ್ತದೆ. "ಸೀರಿ ಬ್ಯಾಡ, ಪೇಢೆ ಬ್ಯಾಡ. ಅಲ್ಲೀ ಸಣ್ಣ ಹುಡುಗ್ರು ಓದೂ ಪುಸ್ತಕ ತಾ. ಚಿತ್ರ ಇರ್ಬೇಕು ನೋಡು!" ಒಮ್ಮೆ ಕೇರಳಕ್ಕೆ ಹೋದ ನನ್ನ ತಮ್ಮ ಈ ಮಾತು ಮರೆತು, ವಾಪಸು ಬಂದ ಮೇಲೆ ಹೆದರಿ, ಅಲ್ಲಿ ಕೊಂಡಿದ್ದ ಕುಕ್ಕರಿನ ಜೊತೆ ಬಂದ ಮಲಯಾಳಂ ಪುಸ್ತಿಕೆಯನ್ನೇ ಅವಳ ಕೈಗಿತ್ತ. ಚಿತ್ರಗಳಿದ್ದವಲ್ಲ! ಅದು ಇಂದಿಗೂ ಮಲಯಾಳಂ ಖಾನೆಯಲ್ಲಿ ಗೌರವದಿಂದ ನಿಂತಿದೆ.

ಪುಸ್ತಕ ಕೂಡಿಸಿ ಸುಮ್ಮನಿದ್ದರೆ ಅತ್ತೆ ಅತ್ತೆಯಾಗುತ್ತಿರಲಿಲ್ಲ. ಆ ಮನೆಗೆ ಒಂದು ಕಾನೂನಿದೆ. ಬಂದವರು ಯಾರೇ ಆಗಲಿ, ತಮ್ಮ ಮನೆಮಾತಿನ ಒಂದು ಪುಟ ಗಟ್ಟಿಯಾಗಿ ಓದಬೇಕು. ಓದದಿದ್ದರೂ ಚಹಾ ಸಿಗುತ್ತದೆ, ಸಕ್ಕರೆ ಸಿಗುವುದಿಲ್ಲ. ಓದಲು ಬಾರದವರು ಒಂದು ಕತೆ ಹೇಳಿದರೂ ನಡೆಯುತ್ತದೆ. ಪಾರ್ಸಲ್ ತಂದವರು, ಗ್ಯಾಸ್ ಸಿಲಿಂಡರ್ ತಂದವರು, ಕನ್ಯೆ ನೋಡಲು ಪಕ್ಕದ ಮನೆಗೆ ಬಂದು ಬಾಗಿಲು ತಪ್ಪಿ ಇಲ್ಲಿ ಹೊಕ್ಕವರು, ಎಲ್ಲರಿಗೂ ಒಂದೇ ನ್ಯಾಯ!

ಓಣಿ ಕಾಯುವ ಗೂರ್ಖಾ ಮೊದಲ ಸಲ ನೇಪಾಳಿ ಪುಸ್ತಕ ಓದಿದ ದಿನ ನಾನೂ ಅಲ್ಲಿದ್ದೆ. ಆತ ಅದನ್ನು ಎರಡೂ ಕೈಯಲ್ಲಿ ಹಿಡಿದು ಓದತೊಡಗಿದ. ದನಿ ನಡುಗುತ್ತಿತ್ತು. ನಡುವೆ ಒಮ್ಮೆ ನಿಲ್ಲಿಸಿ ಕಣ್ಣೊರೆಸಿಕೊಂಡ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಓದು ಮುಗಿದ ಮೇಲೆ ಅತ್ತೆ, "ಭಾಳ ದುಃಖದ ಕತಿ ಇರ್ಬೇಕಲ್ಲೋ ಯಪ್ಪಾ?" ಎಂದು ಕೇಳಿದಳು.

"ಕತಿ ಅಲ್ರಿ ಅಮ್ಮಾ," ಎಂದ ಆತ, ನಮ್ಮ ಕನ್ನಡದಲ್ಲಿಯೇ. "ಹೊಲಕ್ಕ ಸಗಣಿ ಗೊಬ್ಬರ ಹೆಂಗ ಹಾಕ್ಬೇಕು ಅಂತ ಪಾಠ ಐತ್ರಿ."

ನಾವು ನಕ್ಕೆವು, ಆತನೂ ನಕ್ಕ. ಆ ದಿನ ಆತನ ಚಹಾಕ್ಕೆ ಬಿದ್ದ ಸಕ್ಕರೆ ಇಂದಿಗೂ ಕರಗಿರಲಿಕ್ಕಿಲ್ಲ.

ಇದೆಲ್ಲ ನಡೆಯುವಾಗ ಮಾವ ಮೂಲೆಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಾರೆ. ಅವರು ಯಾವ ಪುಟವನ್ನೂ ಓದಿದವರಲ್ಲ. ನಾನು ಕಂಡಂತೆ ಅವರು ಯಾವಾಗಲೂ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾರೆ. ಇದು ಕಾನೂನಿನ ಫಲವೋ ಮಧುಮೇಹದ ಫಲವೋ ನಾನು ವಿಚಾರಿಸಿಲ್ಲ.

ಕಪಾಟಿನ ನಡುವೆ, ಕಣ್ಣಿನ ಎತ್ತರಕ್ಕೆ, ಒಂದು ಖಾನೆ ಖಾಲಿ ಇದೆ. ಅತ್ತೆ ಅದನ್ನು ದಿನಾ ಮುಂಜಾನೆ ಒರೆಸುತ್ತಾಳೆ. ಟಿವಿಯ ರಿಮೋಟು, ಕನ್ನಡಕ, ಬಸ್ಸಿನ ಟಿಕೆಟ್ಟು ಏನನ್ನಾದರೂ ಅಲ್ಲಿ ಇಟ್ಟಿರೋ ಮುಗಿಯಿತು! "ಅದು ಬರೋರ ಜಾಗಾ ಐತಿ, ತಗೀ ಮೊದ್ಲ!" ಬರುವವರು ಯಾರು? ಆ ಮನೆಯ ಮನೆಮಾತಿನ ಪುಸ್ತಕ.

ಈ ಮನೆಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಮಾವನ ಮನೆಯವರು ತಲೆತಲಾಂತರದ ನೇಕಾರರು. ಅವರ ಮಾತನ್ನು ಮರಾಠಿಯವರು ಕೇಳಿದರೆ ಇದು ಗುಜರಾತಿ ಇರಬೇಕು ಎನ್ನುತ್ತಾರೆ, ಗುಜರಾತಿಯವರು ಕೇಳಿದರೆ ಮರಾಠಿ ಎನ್ನುತ್ತಾರೆ. ಅದಕ್ಕೆ ಆ ಓಣಿಯಲ್ಲೊಂದು ಹೆಸರು, ಈ ಓಣಿಯಲ್ಲೊಂದು ಹೆಸರು. ಮನೆಯೊಳಗೆ ಬರೀ ಮನಿಮಾತು. ನಾವೂ ಅದೇ ಜನವೇ. ಆದರೆ ನಮ್ಮ ಹಿರಿಯರು ಮುಂಡರಗಿಗೆ ಬಂದು ಮಗ್ಗ ಬಿಟ್ಟು ಕಾಳುಕಡಿ ವ್ಯಾಪಾರಕ್ಕಿಳಿದ ಮೇಲೆ ಆ ಮಾತು ನಮ್ಮ ಮನೆಯಿಂದ ಯಾವಾಗಲೋ ಎದ್ದುಹೋಯಿತು. ಯಾವಾಗ, ಯಾರ ಬಾಯಲ್ಲಿ ಕೊನೆಯದಾಗಿತ್ತು, ಯಾರಿಗೂ ಗೊತ್ತಿಲ್ಲ. ಕೇಳಬೇಕೆಂದು ನನಗೆ ಹೊಳೆಯುವ ಹೊತ್ತಿಗೆ ಹೇಳಬಲ್ಲವರು ಇರಲಿಲ್ಲ. ಹೀಗಾಗಿ ಅತ್ತೆ ಬೆಟಗೇರಿಗೆ ಸೊಸೆಯಾಗಿ ಹೋದಾಗ ಅವಳಿಗೆ ಗೊತ್ತಿದ್ದದ್ದು ಕನ್ನಡ ಒಂದೇ.

ಅವಳ ಅತ್ತೆಯನ್ನು ನಾವು ಬೆಟಗೇರಿ ಅಜ್ಜಿ ಎನ್ನುತ್ತಿದ್ದೆವು. ಅಜ್ಜಿಯ ಅಡುಗೆಮನೆಯ ಕಾನೂನು ಇನ್ನೂ ಬಿಗಿ. ಅಲ್ಲಿ ಮನಿಮಾತು ಬಿಟ್ಟರೆ ಬೇರೆ ಮಾತಿಲ್ಲ. ಉಪ್ಪಿನ ಭರಣಿ ಅಜ್ಜಿಯ ಮಗ್ಗುಲಲ್ಲಿ. ಹೊಸ ಸೊಸೆ "ಉಪ್ಪು ಕೊಡ್ರಿ" ಎಂದರೆ ಅಜ್ಜಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಆ ಮಾತಿನಲ್ಲಿ ಉಪ್ಪಿಗೆ ಏನನ್ನುತ್ತಾರೆಂದು ಸೊಸೆಗೆ ಗೊತ್ತಿಲ್ಲ. ಹಲವು ದಿನ ಆ ಮನೆಯವರು ಉಪ್ಪಿಲ್ಲದ ಸಾರು ಉಂಡರು. ಒಬ್ಬರೂ ಸೊಲ್ಲೆತ್ತಲಿಲ್ಲವಂತೆ. ಮನೆಯ ಯಜಮಾನರು, ಅಂದರೆ ಅಜ್ಜಿಯ ಗಂಡ, ಮಾತ್ರ ಪ್ರತಿ ತುತ್ತಿಗೂ ಉಪ್ಪಿನಕಾಯಿ ಹಚ್ಚಿಕೊಂಡು, "ಈ ವರ್ಷದ ಮಾವಿನಕಾಯಿ ಭಾಳ ಛಲೋ," ಎನ್ನುತ್ತಿದ್ದರಂತೆ!

ಕೊನೆಗೆ ಒಂದು ಮುಂಜಾನೆ, ಹಿತ್ತಲಲ್ಲಿ ನೀರು ತುಂಬುತ್ತಿದ್ದ ಅತ್ತೆಯ ಹಿಂದಿನಿಂದ ಹಾದುಹೋಗುತ್ತ ಮಾವ ಆ ಶಬ್ದವನ್ನು ಮೆಲ್ಲಗೆ ಹೇಳಿ ಹೋದರು. ತಿರುಗಿ ಕೂಡ ನೋಡಲಿಲ್ಲವಂತೆ. ಅತ್ತೆ ಒಳಗೆ ಬಂದು ಉಪ್ಪು ಕೇಳಿದಳು. ಅಜ್ಜಿ ಭರಣಿಯ ಮುಚ್ಚಳ ತೆಗೆದು, ಒಂದು ಹಿಡಿ ಉಪ್ಪನ್ನು ನೇರ ಸೊಸೆಯ ಅಂಗೈಗೆ ಸುರಿದು ಒಂದು ಮಾತು ಹೇಳಿದರು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದೆ ಎನ್ನುತ್ತಾರಲ್ಲ? ಆಯಿತು! ಅಜ್ಜಿ ಬದುಕಿರುವ ತನಕ ಆಯಿತು, ಪೂರ್ತಿ ಮನಿಮಾತಿನಲ್ಲೇ ಆಯಿತು. ಆ ಜಗಳದಲ್ಲೇ ಅತ್ತೆ ಆ ಭಾಷೆಯನ್ನು ಬೇರುಸಹಿತ ಕಲಿತಳು.

ಕಲಿಯಬೇಕಾದವರು ಕಲಿತರು, ಹುಟ್ಟಿನಿಂದ ಬಂದವರು ಬಿಟ್ಟರು. ಮಾವ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಆ ಮಾತಾಡಿ ನಗೆಗೀಡಾಗಿದ್ದರಂತೆ. ಹುಡುಗರೆಲ್ಲ ಕೂಡಿ ಅಣಕಿಸಿ ಅಣಕಿಸಿ, ಅದು ಅವರ ಅಡ್ಡಹೆಸರೇ ಆಗಿಹೋಯಿತು. ಅಂದಿನಿಂದ ಅವರದು ಕನ್ನಡ ಒಂದೇ. "ನಮ್ಮವ್ವ ಮನಿಮಾತಿನ್ಯಾಗ ಬೈತಿದ್ಲು, ನಾ ಕನ್ನಡದಾಗ ಬೈಸ್ಕೋತಿದ್ದೆ," ಎಂದು ಒಮ್ಮೆ ನನ್ನೆದುರು ಹೇಳಿ ನಕ್ಕಿದ್ದರು. ನಕ್ಕಿದ್ದರೆಂದೇ ನನ್ನ ನೆನಪು. ಈಗ ಯೋಚಿಸಿದರೆ ಖಾತ್ರಿಯಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಅಡುಗೆಮನೆ ಒಮ್ಮೆಲೇ ಮೌನವಾಯಿತು. ಮಕ್ಕಳಿಗೆ ಆ ಮಾತು ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅತ್ತೆ ಮಾವನ ಜೊತೆ ಪ್ರಯತ್ನಿಸಿದಳು. ಅವಳು ಮನಿಮಾತಿನಲ್ಲಿ ಕೇಳುವುದು, ಅವರು ಕನ್ನಡದಲ್ಲಿ ಉತ್ತರಿಸುವುದು. ಇದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೊರಗಿನವರಿಗೆ ಇಬ್ಬರೂ ಬೇರೆ ಬೇರೆ ಫೋನಿನಲ್ಲಿ ಮಾತಾಡುತ್ತಿದ್ದಾರೆ ಎನಿಸಬೇಕು!

"ಉತ್ತರಾ ಅಂತೂ ಬರ್ತೈತಲ್ಲತ್ತಿ," ಎಂದು ನಾನೊಮ್ಮೆ ಸಮಾಧಾನ ಹೇಳಿದೆ.

"ಗ್ವಾಡಿಗೆ ಚೆಂಡ ಒಗದ್ರೂ ತಿರುಗಿ ಬರ್ತೈತಿ," ಎಂದಳು ಅತ್ತೆ. "ಆದ್ರ ಗ್ವಾಡಿ ನಮ್ಮ ಕೂಡ ಆಡೇತಿ ಅನ್ನಾಕ ಬರ್ತೈತೇನು?"

ಕಪಾಟಿಗೆ ಪುಸ್ತಕ ಬರತೊಡಗಿದ್ದು ಆಮೇಲೆಯೇ. ಮೊದಲ ಪುಸ್ತಕ ಯಾವುದು ಎಂಬುದು ಅವಳಿಗೂ ಮರೆತಿದೆ.

ಲಕ್ಷ್ಮೇಶ್ವರದಲ್ಲಿ ಪ್ರತಿ ವರ್ಷ ಪುಸ್ತಕದ ಮಳಿಗೆ ಹಾಕುವ ಒಬ್ಬ ವ್ಯಾಪಾರಿ ಇದ್ದಾರೆ. ಅತ್ತೆ ಪ್ರತಿ ವರ್ಷವೂ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಅದೇ ಪ್ರಶ್ನೆ ಕೇಳುತ್ತಾಳೆ.

"ನಮ್ಮ ಮನಿಮಾತಿನ ಪುಸ್ತಕ ಬಂತೇನ್ರಿ?"

"ಯಾರು ಬರದಾರ್ರಿ ಅಕ್ಕಾರ?"

"ಯಾರೂ ಬರದಿಲ್ಲ."

"ಬರೀಲಾರದ ಪುಸ್ತಕ ನಾ ಎಲ್ಲಿಂದ ತರ್ಲಿ?"

"ಕೇಳೋರ ಇಲ್ಲಂತ ಯಾರೂ ಬರದಿಲ್ಲ. ಅದಕ್ಕ ವರ್ಷಾ ಬಂದು ಕೇಳಾಕತ್ತೀನಿ. ನೀವು ಮುಂದಿನವರಿಗೆ ಖಬರ ಮುಟ್ಟಸ್ರಿ."

ಕಳೆದ ಸಲ ನಾವು ಮಳಿಗೆಗೆ ಕಾಲಿಡುತ್ತಿದ್ದಂತೆ ಆ ಪುಣ್ಯಾತ್ಮ ಎದ್ದು ನಿಂತು, "ಇನ್ನೂ ಬಂದಿಲ್ರಿ ಅಕ್ಕಾರ, ಖಬರ ಮುಟ್ಟಿಸೀನಿ!" ಎಂದುಬಿಟ್ಟರು. ಅತ್ತೆಗೆ ಅದೂ ಸಂತೋಷವೇ.

ಮನೆಗೆ ಗಣತಿಗೆಂದು ಒಬ್ಬ ಶಿಕ್ಷಕಿ ಬಂದಾಗಿನ ಕತೆ ಬೇರೆ. ಮೊಬೈಲಿನಲ್ಲಿ ಒಂದೊಂದೇ ಪ್ರಶ್ನೆ ಒತ್ತುತ್ತ ಬಂದ ಆಕೆ ಮಾತೃಭಾಷೆ ಯಾವುದೆಂದು ಕೇಳಿದರು. ಪೇಪರಿನ ಹಿಂದಿನಿಂದ ಮಾವ "ಕನ್ನಡ" ಎಂದರು.

"ಅವರದು ಸುಳ್ಳು, ನಂದು ಖರೆ," ಎಂದಳು ಅತ್ತೆ. "ನನ್ನ ಮಾತೃಭಾಷಾ ಕನ್ನಡರಿ. ಅತ್ತಿಭಾಷಾ ಬ್ಯಾರೆ. ಅದನ್ನೂ ಬರಕೋರಿ."

"ಅತ್ತಿಭಾಷಾಕ್ಕ ಇದ್ರಾಗ ಜಾಗಾ ಇಲ್ರೀ ಅಮ್ಮಾರ."

"ಹೆಣ್ಮಕ್ಕಳು ಅರ್ಧಾ ಆಯುಷ್ಯ ಅತ್ತೀ ಮನ್ಯಾಗ ಕಳೀತೀವಿ. ಜಾಗಾ ಇಲ್ಲಂದ್ರ ಹೆಂಗ?"

ಶಿಕ್ಷಕಿ ನಕ್ಕು ಮೊಬೈಲು ಕೆಳಗಿಟ್ಟರು. ಆಕೆಯ ಅತ್ತೆಮನೆ ತೆಲುಗಿನವರದಂತೆ. ಒಂದು ಪುಟ ತೆಲುಗು ಓದಿ, ಸಕ್ಕರೆ ಹಾಕಿದ ಚಹಾ ಕುಡಿದು ಹೋದರು.

ನಾನು ಧಾರವಾಡದಲ್ಲಿ ಎಂ.ಎ. ಓದಿದವಳು, ಈಗ ಶಿರಹಟ್ಟಿಯಲ್ಲಿ ಕಾಲೇಜಿನ ಹುಡುಗರಿಗೆ ಪಾಠ ಹೇಳುವವಳು. ಸುಮ್ಮನಿರುವುದು ಹೇಗೆ? ಅತ್ತೆಯ ಮಾತನ್ನು ಧ್ವನಿಮುದ್ರಿಸುತ್ತೇನೆ ಎಂದು ಫೋನು ಹಿಡಿದು ಹೋದೆ. ಅತ್ತೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಕೂತಳು. ಸ್ವಲ್ಪ ಹೊತ್ತು ಮಾತಾಡಿ ನಿಲ್ಲಿಸಿಬಿಟ್ಟಳು.

"ಯಾಕತ್ತಿ?"

"ಇದು ಹೂಂ ಅನ್ನಂಗಿಲ್ಲಲ್ಲಬೇ!"

ಹಾಗಾದರೆ ಪುಸ್ತಕವನ್ನು ನಾವೇ ಮಾಡೋಣ ಎಂದೆ. ಗದಗಿನಲ್ಲಿ ಮುದ್ರಣಾಲಯಗಳಿಗೇನು ಬರವೇ? ಉಪ್ಪಿನ ಕತೆಯನ್ನೇ ಚಿಕ್ಕ ಮಕ್ಕಳ ಪುಸ್ತಕ ಮಾಡುವುದೆಂದು ಆಯಿತು. ನನ್ನ ವಿದ್ಯಾರ್ಥಿನಿಯೊಬ್ಬಳು ಚಿತ್ರ ಬರೆದಳು. ಭರಣಿ, ಒಲೆ, ಉಪ್ಪಿನಕಾಯಿಗೆ ಕೈಚಾಚಿದ ಯಜಮಾನರು. ಲಿಪಿಯಿಲ್ಲದ ಮಾತನ್ನು ಕನ್ನಡದ ಅಕ್ಷರದಲ್ಲಿ ಬರೆಯಬೇಕು. ಬರೆದು ಓದಿ ತೋರಿಸಿದರೆ ಅತ್ತೆ ಮುಖ ಹುಳ್ಳಗೆ ಮಾಡಿ, "ಮೂಗ ಹಿಡಕೊಂಡು ಮಾತಾಡಿದಂಗ ಆಗೇತಿ," ಎಂದಳು. ಆಮೇಲೆ ತಾನೇ, "ಇರ್ಲಿ ಬಿಡು. ಬಾಡಿಗಿ ಮನ್ಯಾಗೂ ಸಂಸಾರ ಮಾಡ್ತಾರ," ಎಂದಳು.

ಪುಟದ ಮೇಲೆ ಪುಟ ಮುಗಿದು ಕೊನೆಯ ಪುಟಕ್ಕೆ ಬಂದೆವು. ಅಂಗೈಗೆ ಉಪ್ಪು ಸುರಿದು ಅಜ್ಜಿ ಹೇಳಿದ ಮಾತು. ಅಲ್ಲಿ ಅತ್ತೆ ನಿಂತಳು.

"ಅವತ್ತ ಅವರು 'ತಗೋ ಮಗಳ' ಅಂದ್ರು ಅಂತ ನನ್ನ ನೆನಪು," ಎಂದಳು ನಿಧಾನವಾಗಿ, ಕನ್ನಡದಲ್ಲಿಯೇ. "ಆಮ್ಯಾಲೆ ಜೀವ ಇರೂತನಾ ಒಂದಿನಾನೂ ಹಂಗ ಕರೀಲಿಲ್ಲ. ಸೊಸಿ ಅಂತನಽ ಕರದ್ರು. ಹಂಗಾರ ಅವತ್ತೂ 'ತಗೋ ಸೊಸಿ' ಅಂದಿದ್ರೇನೋ. ಮಗಳ ಅನಸ್ಕೊಳ್ಳೂ ಆಶಾಕ್ಕ ನಾನಽ ಹಂಗ ಮಾಡ್ಕೊಂಡೆನೇನೋ."

"ಮನಿಮಾತಿನ್ಯಾಗ ಆ ಮಾತು ಹೆಂಗ ಅಂತ ಹೇಳು ಅತ್ತಿ. ಎರಡನ್ನೂ ಬರಕೋತೀನಿ."

"ಹೇಳಂಗಿಲ್ಲ. ತಪ್ಪ ಮಾತು ಒಮ್ಮಿ ಬಾಯಾಗ ಬಂತಂದ್ರ ಅದಽ ಖರೆ ಆಗಿಬಿಡ್ತೈತಿ. ನಾ ಈ ಮಾತಿಗೆ ಬಂದಾಕಿ, ಹುಟ್ಟಿದಾಕಿ ಅಲ್ಲ. ಅವತ್ತ ಅಡಗಿ ಮನೀ ಬಾಗಲ್ದಾಗ ಇವರು ನಿಂತಿದ್ರು. ಇವರು ಹೇಳ್ಲಿ."

ಕಪಾಟು ಹಸಿರೆಂದು ಬರೆದಿಟ್ಟುಕೊಂಡವಳು ನಾನು. ಪೆನ್ನು ಕೆಳಗಿಟ್ಟೆ.

ಮಾವನನ್ನು ಕೇಳಿದೆವು. ಅವರು ಪೇಪರಿನ ಪುಟ ತಿರುವಿ, "ಆ ಮಾತು ನನಗ ಮರ್ತೈತಿ," ಎಂದರು. ಅಜ್ಜಿ ಹೇಳಿದ್ದು ಮರೆತಿದೆಯೋ, ಭಾಷೆಯೇ ಮರೆತಿದೆಯೋ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪುಸ್ತಕ ಅಲ್ಲಿಗೇ ನಿಂತಿತು. ಖಾನೆ ಖಾಲಿಯೇ ಉಳಿಯಿತು. ಅತ್ತೆ ಅದನ್ನು ಒರೆಸುವುದನ್ನು ಬಿಡಲಿಲ್ಲ.

ಈ ಬೇಸಿಗೆಯಲ್ಲಿ ಅತ್ತೆಯ ಹೃದಯ ಕೈಕೊಟ್ಟಿತು. ಗದಗಿನ ಆಸ್ಪತ್ರೆಯಲ್ಲಿ ಆಪರೇಶನ್ ಆಗಿ, ಮನೆಗೆ ಬಂದಳು. ಮೈ ಅರ್ಧಕ್ಕಿಳಿದಿತ್ತು, ದನಿ ಕಾಲುಭಾಗಕ್ಕೆ. ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು. ಓಡಾಟ ಬೇಡ. ಉಪ್ಪು ಬೇಡ.

ಉಪ್ಪು ಬೇಡ! ಆ ಮನೆಯಲ್ಲಿ!

ಪಡಸಾಲೆಯಲ್ಲಿ ಕಪಾಟಿನ ಎದುರೇ ಅವಳ ಮಂಚ ಹಾಕಿದ್ದರು. ಮಾವ ಅಂಗಡಿಯನ್ನು ಮಗನಿಗೆ ಬಿಟ್ಟು ತಾವೇ ಅಡುಗೆಗೆ ನಿಂತರು. ಅವಳಿಗೊಂದು ತಮಗೊಂದು ಮಾಡುವುದೇಕೆಂದು ಎಲ್ಲರಿಗೂ ಉಪ್ಪಿಲ್ಲದ್ದನ್ನೇ ಮಾಡಿದರು. ಕಳೆದ ಭಾನುವಾರ ನಾನು ಹೋದಾಗ ನನ್ನ ತಟ್ಟೆಗೂ ಉಪ್ಪಿಲ್ಲದ ಸಾರೇ ಬಿತ್ತು. ನಾನು ಸೊಲ್ಲೆತ್ತದೆ ಉಂಡೆ. ಆ ಮನೆಯ ಸಂಪ್ರದಾಯ ನನಗೆ ಗೊತ್ತಿತ್ತಲ್ಲ.

ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ಮರಳಿ ಬರುವಾಗ ಅತ್ತೆ ಮಂಚದಿಂದ ಕ್ಷೀಣ ದನಿಯಲ್ಲಿ ಏನೋ ಕೇಳುತ್ತಿದ್ದಳು. ಮನಿಮಾತು. ನನಗೆ ಆ ಭಾಷೆಯಲ್ಲಿ ಗೊತ್ತಿರುವ ಕೆಲವೇ ಶಬ್ದಗಳಲ್ಲಿ ಅದೊಂದು. ಪುಸ್ತಕಕ್ಕಾಗಿ ನಾನೇ ಎಷ್ಟೋ ಸಲ ಬರೆದಿದ್ದೇನೆ. ಅವಳು ಉಪ್ಪು ಕೇಳುತ್ತಿದ್ದಳು.

ಮಾವ ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಒಳಗೆ ಹೋದರು. ಭರಣಿಯ ಮುಚ್ಚಳದ ಸದ್ದಾಯಿತು. ಹೊರಗೆ ಬಂದು ಮಂಚದ ಅಂಚಿಗೆ ಕೂತು, ಅವಳ ಕೈ ಬಿಡಿಸಿ, ಅಂಗೈಗೆ ಕೆಲವೇ ಕೆಲವು ಕಾಳು ಉಪ್ಪು ಉದುರಿಸಿದರು. ನೇರ ಕೈಯಿಂದ ಕೈಗೆ. ಉದುರಿಸುತ್ತ ಬಾಗಿ, ಅವಳ ಕಿವಿಯ ಬಳಿ ಏನೋ ಹೇಳಿದರು. ಕನ್ನಡವಲ್ಲ. ಹಿತ್ತಲ ಬಾಗಿಲಿನಿಂದ ನನಗೆ ಮಾತು ಕೇಳಿಸಲಿಲ್ಲ, ರಾಗ ಮಾತ್ರ ಕೇಳಿಸಿತು. ಅದು ಅವರ ರಾಗವಾಗಿರಲಿಲ್ಲ. ಬೆಟಗೇರಿ ಅಜ್ಜಿಯ ರಾಗ. ಇದನ್ನು ನಾನು ಸರಿಯಾಗಿಯೇ ನೆನಪಿಟ್ಟಿದ್ದೇನೆ ಎಂದು ನಂಬಲು ಬಯಸುತ್ತೇನೆ.

ಅತ್ತೆ ಉಪ್ಪನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮುಷ್ಟಿ ಕಟ್ಟಿಕೊಂಡು ಎದೆಯ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಿತ್ತು, ಮುಖ ತೋಯ್ದಿತ್ತು. ನಾನು ಹತ್ತಿರ ಹೋಗಿ, "ಏನಂದ್ರತ್ತಿ ಮಾವಾ?" ಎಂದು ಕೇಳಿದೆ.

"ಅವರನ್ನ ಕೇಳು," ಎಂದಳು. "ಹುಟ್ಟಿದವರು ಅವರು."

ಮಾವ ಆಗಲೇ ಎದ್ದು ಕಪಾಟಿನ ಹತ್ತಿರ ಹೋಗಿದ್ದರು. ಹೆಗಲ ಮೇಲಿನ ವಸ್ತ್ರದಿಂದ ಆ ಖಾಲಿ ಖಾನೆಯನ್ನು ಒರೆಸುತ್ತಿದ್ದರು, ಮೂಲೆ ಮೂಲೆಯನ್ನೂ ಬಿಡದೆ. ನಾನು ಅವರ ಬೆನ್ನ ಹಿಂದೆ ನಿಂತು ಕೇಳಿದೆ:

"ಮಾವಾ, ಅವತ್ತ ಅಜ್ಜಿ ಸೊಸಿ ಅಂದಿದ್ರೋ, ಮಗಳ ಅಂದಿದ್ರೋ?"